ಪೆಟ್ಟಿಗೆಗೆ ಹೊದಿಸಿದ ಚಪಾನು

ಕರ್ಶಿ ಬಯಲಿನ ಕಾಲುವೆಗಳುದ್ದಕ್ಕೂ ನೀರಿನ ಮಟ್ಟ ನೋಡಿ ತೂಬಿನ ಬಾಗಿಲನ್ನು ತಾವೇ ಏರಿಸಿ ಇಳಿಸುವ ಪುಟ್ಟ ಕಂಪ್ಯೂಟರುಗಳು ಕಬ್ಬಿಣದ ಪೆಟ್ಟಿಗೆಗಳಲ್ಲಿ ಕೆಲಸ ಮಾಡುತ್ತಿವೆ. ಆ ಬಿಸಿಲಿನಲ್ಲಿ ಅವು ಬದುಕಿರುವುದೇ ಒಂದು ವಿದ್ಯೆ. ಅದನ್ನು ನಮ್ಮ ನೀರಾವರಿ ಕಚೇರಿಗೆ ಕಲಿಸಿಕೊಟ್ಟವರು ಎಂಜಿನಿಯರ್ ಒಯ್ಸುಲುವ್ ರಜಬೋವಾ ಅವರು. ಅಕ್ಕನೆಂಬ ಅರ್ಥದಲ್ಲಿ ನಮಗೆಲ್ಲ ಅವರು 'ಒಪಾ'. ಈ ಬೇಸಿಗೆಯಲ್ಲಿ ಅವರು ನಿವೃತ್ತರಾದರು.

ಸೇವೆಗೆ ಸೇರಿದ ದಿನದಿಂದಲೂ ಒಪಾ ಅವರ ಗುಣವೆನ್ನಿ, ಚಾಳಿಯೆನ್ನಿ, ಎಲ್ಲಕ್ಕೂ 'ಯಾಕೆ' ಎಂದು ಕೇಳುವುದು. ಪಂಪು ಕೆಟ್ಟರೆ ಉಳಿದವರು ರಿಪೇರಿಯವನಿಗೆ ಹೇಳಿ ಕಳಿಸಿ ಚಹಾಕ್ಕೆ ಹೋಗುತ್ತಿದ್ದರು. ಇವರು ಕೆಟ್ಟ ಪಂಪಿನ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ಪೆಟ್ಟಿಗೆಗಳು ಬಂದ ಮೊದಲ ಬೇಸಿಗೆಯಲ್ಲೇ ಒಂದೊಂದಾಗಿ ಕೈಕೊಟ್ಟಾಗ ಕಚೇರಿ ಅವಕ್ಕೆ ಫ್ಯಾನು ಹಾಕಿಸಿತು. ಅಯ್ಯೋ, ಆ ಫ್ಯಾನೋ ಬಯಲಿನ ಧೂಳನ್ನೆಲ್ಲ ಒಳಗೆಳೆದು ರಾಶಿ ಹಾಕಿತು.

ಕೊನೆಯ ತೂಬಿನ ಕಾವಲುಗಾರ ತುರ್ದಿಕುಲ್, ನಮ್ಮ ಕಡೆಯ ಹಳಬರಂತೆ ಉರಿಬಿಸಿಲಿನಲ್ಲೂ ಹತ್ತಿ ತುಂಬಿದ ಚಪಾನು ತೊಟ್ಟು ತಣ್ಣಗಿರುವ ಆಸಾಮಿ. ದಿನವೂ ಬಿಸಿಲಿಗೆ ನಿಂತುಹೋಗುವ ಪೆಟ್ಟಿಗೆಯ ಪಾಡು ನೋಡಲಾರದೆ ಒಂದು ದಿನ ಆ ದಪ್ಪ ನಿಲುವಂಗಿಯನ್ನೇ ಬಿಚ್ಚಿ ಅದಕ್ಕೆ ಹೊದಿಸಿ, ನಡುಪಟ್ಟಿ ಬಿಗಿದ. ಮಧ್ಯಾಹ್ನಕ್ಕೆ ಕಂಪ್ಯೂಟರ್ ಸುಟ್ಟುಹೋಯಿತು. ಬಾಗಿಲು ಮುಚ್ಚಿದಲ್ಲೇ ನಿಂತು ಕೆಳಗಿನ ಕರಬೂಜದ ಹೊಲಗಳಿಗೆ ಸರದಿಯ ನೀರು ತಪ್ಪಿತು.

ಆಗಿನ ಮೇಲಧಿಕಾರಿ ಕೆಂಡಾಮಂಡಲವಾದರು. "ಇವತ್ತೇ ಇವನನ್ನ ಮನೆಗೆ ಕಳಿಸಿ. ಯಂತ್ರಕ್ಕೆ ರಜಾಯಿ ಹೊದಿಸೋ ಪುಣ್ಯಾತ್ಮ ನಮಗೆ ಬೇಡ!"

ಕಚೇರಿಯೆಲ್ಲ ನಕ್ಕಿತು. ಒಪಾ ನಗಲಿಲ್ಲ, ನೇರವಾಗಿ ತೂಬಿಗೆ ಹೋದರು.

"ಎಷ್ಟೊತ್ತಿಗೆ ಹೊದಿಸಿದೆ ತಮ್ಮಾ?"

"ಬೆಳಗ್ಗೇನೇ, ಒಪಾ. ನನ್ನನ್ನ ಕಾಪಾಡೋದು ಅದನ್ನೂ ಕಾಪಾಡುತ್ತೆ ಅಂದ್ಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!"

"ದಿನಾ ಯಾವಾಗ ನಿಲ್ತಿತ್ತು?"

"ಹೊತ್ತೇರೋಕೆ ಮುಂಚೇನೇ. ಇವತ್ತು ಮಧ್ಯಾಹ್ನದ ತನಕ ಎಳೀತು."

"ಹಾಗಾದ್ರೆ ನೀನು ಅರ್ಧ ಸರಿ ಕಣೋ! ಹೊರಗಿನ ಬಿಸಿಲನ್ನ ತಡೆದಿದ್ದೀಯ. ಆದ್ರೆ ನೀನು ಬೆವರ್ತೀಯ, ಅದು ಬೆವರಲ್ಲ. ಒಳಗಿನ ಬಿಸಿ ಎಲ್ಲಿಗೆ ಹೋಗ್ಬೇಕು ಹೇಳು?"

ಅಂದೇ ಮೇಲಧಿಕಾರಿಯ ಮುಂದೆ ನಿಂತು ಕೇಳಿದರು: "ಮುಂದಿನ ಸರದಿ ತನಕ ಇವನನ್ನ ಬಿಡಿ. ಆಗಲೂ ಯಂತ್ರ ನಿಂತ್ರೆ ಇವನ ಜೊತೆ ನನ್ನನ್ನೂ ಕಳಿಸಿಬಿಡಿ." ಯಾರದೋ ತಪ್ಪಿಗೆ ತಮ್ಮ ತಲೆ ಕೊಡುವ ಅಧಿಕಾರಿಯನ್ನು ನಾವು ಅದಕ್ಕೆ ಮೊದಲು ಕಂಡಿರಲಿಲ್ಲ.

ಹೊಸ ಕಂಪ್ಯೂಟರ್ ಬಂತು. ಒಪಾ ಪೆಟ್ಟಿಗೆಯ ಸುತ್ತ ಗೂಟ ನೆಡಿಸಿ, ಅದೇ ಚಪಾನನ್ನು ಪೆಟ್ಟಿಗೆಗೆ ತಾಗದಂತೆ ಕಟ್ಟಿಸಿ, ಥರ್ಮಾಮೀಟರ್ ಇಟ್ಟುಕೊಂಡು ಸಂಜೆಯವರೆಗೆ ಕೂತರು. ಬಿಸಿಲು ಬಟ್ಟೆಯಲ್ಲೇ ನಿಂತಿತು. ಒಳಗಿನ ಕಾವು ನಡುವಿನ ಗಾಳಿಯಲ್ಲಿ ಮೇಲೆದ್ದು ಹೋಯಿತು. ಆಮೇಲೆ ವರ್ಕ್‌ಶಾಪಿನಲ್ಲಿ ಬಿಳಿ ಬಣ್ಣದ ತಗಡಿನ ಹೊರಗವಸು ಮಾಡಿಸಿದರು, ಕೆಳಗೂ ಮೇಲೂ ಗಾಳಿಗೆ ದಾರಿ ಬಿಟ್ಟು. ಫ್ಯಾನು ಕಿತ್ತು ತೂತು ಮುಚ್ಚಿಸಿ, ಕಾವು ಕಬ್ಬಿಣದ ಮೂಲಕವೇ ಹೊರಹೋಗಲೆಂದು ಕಂಪ್ಯೂಟರನ್ನು ಪೆಟ್ಟಿಗೆಯ ಗೋಡೆಗೇ ಬಿಗಿಸಿದರು.

ಸರದಿಯ ದಿನ ನೆತ್ತಿ ಬಿರಿಯುವ ಬಿಸಿಲು. ತುರ್ದಿಕುಲ್ ಬಾಗಿಲಿನಿಂದ ಕಣ್ಣು ಕೀಳಲಿಲ್ಲ. ನಡುಮಧ್ಯಾಹ್ನ ಮೋಟಾರು ಗುಂಯ್‌ಗುಟ್ಟಿತು, ಬಾಗಿಲು ತಾನಾಗಿ ಮೇಲೆದ್ದಿತು, ನೀರು ಕರಬೂಜದ ಹೊಲಗಳತ್ತ ಹರಿಯಿತು. ಅವನು ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟ. ನೋಡಲು ಬಂದಿದ್ದ ಮೇಲಧಿಕಾರಿ ಅವನಿಗೊಂದು ಬಟ್ಟಲು ಚಹಾ ಬಗ್ಗಿಸಿ ಕೊಟ್ಟರು. ಕೆಲಸ ಉಳಿಯಿತು.

ನಿವೃತ್ತಿಯ ದಿನ ಪದ್ಧತಿಯಂತೆ ಒಪಾ ಅವರ ಹೆಗಲಿಗೆ ಜರಿಯ ಚಪಾನುಗಳ ಗೌರವವಾಯಿತು. ಕೊನೆಗೆ ತುರ್ದಿಕುಲ್ ಬಂದು, ಮಾಸಿದ ತನ್ನ ಹಳೆಯದನ್ನೇ ಹೊದಿಸಿದ.

"ಒಳಗೆ ಸೆಕೆಯಾದ್ರೆ ಹೇಳಿ ಒಪಾ, ಗೂಟಾನೂ ತಂದಿದ್ದೀನಿ!"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಪಾ ಕಣ್ಣೊರೆಸಿಕೊಂಡರು, ಮರುಕ್ಷಣವೇ ಆ ಹಳೆಯ ಚಪಾನಿನ ಅಂಚನ್ನು ಬೆರಳಲ್ಲಿ ತಿರುವಿ ನೋಡುತ್ತ, "ಅಲ್ಲಾ ತಮ್ಮಾ, ಇದರ ಬಣ್ಣ ಒಂದೇ ಮಗ್ಗುಲಲ್ಲಿ ಜಾಸ್ತಿ ಹೋಗಿದೆಯಲ್ಲ, ಯಾಕೆ?" ಎಂದರು.

ಆ 'ಯಾಕೆ' ನಮ್ಮ ಕಾಲುವೆಗಳ ಮೇಲೆ ಇನ್ನೂ ಎಷ್ಟೋ ಬೇಸಿಗೆ ಕೇಳಿಸುತ್ತಿರಲಿ. ಕೇಳಿದವರ ಹೊಟ್ಟೆ ತಣ್ಣಗಿರಲಿ.