ಹಳೇ ಕಳ್ಳನ ಹೆಂಡತಿ

ಹುಣಸೂರಿನ ಸುತ್ತ ಹೊಗೆಸೊಪ್ಪು ಮುರಿಯುವ ಕಾಲ ಬಂತೆಂದರೆ ಹೆಂಗಸರ ಕೈಯೆಲ್ಲ ಕಪ್ಪು. ಹಸಿ ಎಲೆಯ ಅಂಟು ಬಳೆ, ಉಂಗುರ ಯಾವುದನ್ನೂ ಬಿಡುವುದಿಲ್ಲ. ಅದಕ್ಕೇ ಕಡ್ಡಿಗೆ ಎಲೆ ಕಟ್ಟಲು ಕೂತಾಗ ಉಂಗುರ ತೆಗೆದಿಡುತ್ತೇವೆ. ನನ್ನ ಅತ್ತೆಯೂ ಆ ದಿನ ತೆಗೆದಿದ್ದರು. ಸಂಜೆ ಹುಡುಕಿದರೆ ಇಲ್ಲ.

ಅಂಗಳದಲ್ಲಿ ಎಲೆ ಕಟ್ಟಲು ಬಂದ ಹೆಂಗಸರು ಬೇಕಾದಷ್ಟಿದ್ದರು. ಆದರೆ ಎಲ್ಲರ ಕಣ್ಣು ಹೋದದ್ದು ಒಬ್ಬಳ ಮೇಲೆ. ಅವಳ ಗಂಡ ಹಿಂದೊಮ್ಮೆ ಪಂಪ್‌ಸೆಟ್ಟಿನ ಕೇಬಲ್ ಕದ್ದು ಜೈಲಿಗೆ ಹೋಗಿ ಬಂದವನು. ಬಂದ ಮೇಲೆ ಕೂಲಿ ಮಾಡಿಕೊಂಡು ತನ್ನ ಪಾಡಿಗೆ ತಾನಿದ್ದ. ಊರು ಅವನನ್ನು ಅವನ ಪಾಡಿಗೆ ಬಿಟ್ಟಿರಲಿಲ್ಲ. ಯಾರ ಮನೆಯ ಕೋಳಿ ಕಾಣದಿದ್ದರೂ ಮೊದಲು ಅವನ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದರು.

ಅವಳ ಸೆರಗು ಕೊಡವಿಸಿದರು, ಊಟದ ಡಬ್ಬಿ ಬಿಚ್ಚಿಸಿದರು. ಏನೂ ಸಿಗಲಿಲ್ಲ. ಸಿಗದೇ ಇದ್ದದ್ದೇ ಅವಳ ಕೈಚಳಕಕ್ಕೆ ಸಾಕ್ಷಿಯಾಯಿತು. ಸ್ಟೇಷನ್ನಿಗೆ ಕರೆದೊಯ್ಯುವ ಮಾತು ಎದ್ದಾಗ ಗಂಡ ಓಡಿ ಬಂದ.

"ಅವಳ್ನ ಬುಟ್ಬುಡಿ. ನಾನೇ ಎತ್ಕಂಡಿದ್ದು."

ಅವನು ಬೆಳಗ್ಗೆಯೇ ಪಿರಿಯಾಪಟ್ಟಣಕ್ಕೆ ಗಾರೆ ಕೆಲಸಕ್ಕೆ ಹೋಗಿದ್ದವನು. ಅಂಗಿಯ ಮೇಲೆ ಸಿಮೆಂಟು ಇನ್ನೂ ಹಸಿಯಾಗಿತ್ತು. ನಾನು ಅದನ್ನು ಹೇಳಿದೆ. ಹೊಸ ಸೊಸೆಯ ಮಾತು ಯಾರಿಗೆ ಬೇಕು? ಅವನನ್ನು ಲೈಟು ಕಂಬಕ್ಕೆ ಕಟ್ಟಿ ಹೊಡೆದರು. ಉಂಗುರ ಎಲ್ಲಿಟ್ಟೆ ಎಂದರೆ ಅವನಿಗೆ ಗೊತ್ತಿಲ್ಲ, ಅದಕ್ಕೂ ಹೊಡೆತ. ಬಲಗೈ ಮುರಿಯಿತು. ಕೆಲವರು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು ಊರೂರಿಗೆ ಕಳಿಸಿದರು.

ಅಷ್ಟರಲ್ಲಿ ಅಂದು ಕಟ್ಟಿದ ಕಡ್ಡಿಗಳನ್ನೆಲ್ಲ ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಏರಿಸಿ, ಬಾಗಿಲು ಹಾಕಿ, ಬೆಂಕಿ ಕೊಟ್ಟಾಗಿತ್ತು. ಬೆಂಕಿ ಕೊಟ್ಟ ಮೇಲೆ ಸೊಪ್ಪು ಬೆಂದು ಒಣಗುವವರೆಗೆ ಕಡ್ಡಿ ಇಳಿಸುವಂತಿಲ್ಲ. ಕೊನೆಗೆ ಇಳಿಸುವಾಗ ಉಂಗುರ ನನ್ನ ಕೈಗೇ ತಗುಲಿತು. ಕಳೆದುಹೋಗದಿರಲಿ ಎಂದು ಅತ್ತೆ ಅದನ್ನು ತಮ್ಮ ಕಡ್ಡಿಯ ದಾರಕ್ಕೇ ಗಂಟು ಹಾಕಿದ್ದರು. ಮಾತಿನ ಭರದಲ್ಲಿ ಅದರ ಮೇಲೇ ಎಲೆ ಕಟ್ಟುತ್ತಾ ಹೋಗಿ ಮರೆತುಬಿಟ್ಟಿದ್ದರು.

ಹೊಡೆದವರನ್ನು ಕರೆದು ಹೇಳಿದೆ. ಒಬ್ಬನ ಮುಖವೂ ಬಾಡಲಿಲ್ಲ.

"ಓಗ್ಲಿ ಬುಡಕ್ಕ, ಆ ಕೇಬಲ್‌ಗೆ ಬಿದ್ದ ಏಟು ಅನ್ಕಳಿ," ಎಂದ ಒಬ್ಬ.

ಕೇಬಲ್ಲಿಗೆ ಕೋರ್ಟು ಕೊಟ್ಟ ಶಿಕ್ಷೆಯನ್ನು ಅವನು ಅನುಭವಿಸಿ ಮುಗಿಸಿದ್ದ. ಊರಿನ ಶಿಕ್ಷೆ ಮುಗಿಯುವುದು ಯಾವಾಗ?

ಅತ್ತೆಯನ್ನು ಬಲವಂತವಾಗಿ ಆ ಹೆಂಗಸಿನ ಮನೆಗೆ ಕರೆದೊಯ್ದೆ. ಗಂಡ ಕೈಗೆ ಪಟ್ಟಿ ಸುತ್ತಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದ. ಅತ್ತೆ ಉಂಗುರ ತೋರಿಸಿ, ಸಿಕ್ಕಿತು ಎಂದು ಅತ್ತರು. ಅವಳು ಅದರತ್ತ ಕಣ್ಣು ಹಾಯಿಸಲಿಲ್ಲ.

"ನಂಗ್ಯಾಕೆ ತೋರಿಸ್ತೀರಿ ಅವ್ವಾರೆ? ನಾನು ಕದ್ದಿಲ್ಲ ಅಂತ ನಂಗೊತ್ತಿತ್ತಲ್ಲ. ಕೆ.ಆರ್. ನಗರದಲ್ಲಿ ನನ್ನ ತವರ್ನೋರೆಲ್ಲ ಫೋನಲ್ಲಿ ನೋಡವ್ರೆ. ಆ ಕಂಬದ ತಾವ ನಿಂತ್ಕಂಡು ತೋರ್ಸಿ."

ಕಂಬ ಇದ್ದದ್ದು ನಮ್ಮ ಮನೆಗೆ ಹೋಗುವ ದಾರಿಯಲ್ಲೇ. ಅರಳಿಕಟ್ಟೆಯ ಮೇಲೆ ಜನರೂ ಇದ್ದರು. ನಾನು ಕಂಬದ ಹತ್ತಿರ ನಿಂತು ಅತ್ತೆಯನ್ನು ಕಾದೆ. ಅವರು ಉಂಗುರವನ್ನು ಸೆರಗಿನ ತುದಿಗೆ ಗಂಟು ಹಾಕಿ, ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆ ತಗ್ಗಿಸಿ ನನ್ನನ್ನು ದಾಟಿ ಹೋದರು.