ಮುನೀರ್ ಭಾಯ್ ಅವರ ದ್ವೀಪ

ಉದ್ದಿನ ವಡೆ ಕೈಗೆ ಬಂದರೆ ಮುನೀರ್ ಭಾಯ್ ಅದನ್ನು ಸುಮ್ಮನೆ ತಿನ್ನುತ್ತಿರಲಿಲ್ಲ. ಒಂದು ಪಕ್ಕ ಸ್ವಲ್ಪ ಮುರಿದು, ತಟ್ಟೆಯಲ್ಲಿಟ್ಟು, ಎದುರಿಗೆ ಕೂತವರಿಗೆ ತೋರಿಸುತ್ತಿದ್ದರು.

“ಇದು ಅಂಟಾರ್ಕ್ಟಿಕಾ ಹತ್ರ ಇರೋ ದ್ವೀಪ. ಜ್ವಾಲಾಮುಖಿ. ಇಲ್ಲಿ ಮುರಿದಿದೀನಲ್ಲ, ಇಲ್ಲಿಂದ ಹಡಗು ಸೀದಾ ಅದರ ಹೊಟ್ಟೆಯೊಳಗೇ ಹೋಗತ್ತೆ. ಸುತ್ತ ಹಿಮ, ಆದ್ರೆ ದಡದಲ್ಲಿ ಮರಳು ತೋಡಿದ್ರೆ ಬಿಸಿನೀರು. ಆರಾಮಾಗಿ ಸ್ನಾನ ಮಾಡಬಹುದು.”

ಅಷ್ಟರಲ್ಲಿ ಎಲ್ಲರ ಸಾಂಬಾರೂ ಆರಿರುತ್ತಿತ್ತು.

ನ್ಯೂಯಾರ್ಕ್ ಹತ್ತಿರದ ಎಡಿಸನ್ನಿನಲ್ಲಿ ಅವರು ನಮ್ಮ ಪಕ್ಕದ ಅಪಾರ್ಟ್‌ಮೆಂಟಿನವರು. ಮೈಸೂರಿನಲ್ಲಿ ಭೂವಿಜ್ಞಾನ ಓದಿ, ನ್ಯೂಯಾರ್ಕಿನ ಬ್ಯಾಂಕೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದರು. ಕೆಲಸಕ್ಕೆ ಜೊತೆಗೇ ಹೋಗುವ ಬೆಳಗಿನ ಟ್ರೈನಿನಲ್ಲಿ ತೂಕಡಿಸುತ್ತಿದ್ದ ನನ್ನನ್ನು ಸಿಕಾಕಸ್ ಸ್ಟೇಷನ್ ಹತ್ತಿರದ ಬಂಡೆಗುಡ್ಡ ಕಂಡೊಡನೆ ಎಬ್ಬಿಸಿ, “ನೋಡಮ್ಮ, ಇದೂ ಒಂದು ಕಾಲದಲ್ಲಿ ಕೆಂಡವೇ” ಎನ್ನುತ್ತಿದ್ದರು. ಸಿಟ್ಟು ಬರುತ್ತಿತ್ತು. ಆದರೂ ನೋಡುತ್ತಿದ್ದೆ.

ವರ್ಷಗಟ್ಟಲೆ ಕಾದು ಕೊನೆಗೂ ಆ ದ್ವೀಪಕ್ಕೆ ಹೋಗುವ ಹಡಗು ಬುಕ್ ಮಾಡಿದರು. ಅದೇ ಚಳಿಗಾಲ ಬ್ಯಾಂಕುಗಳು ನೆಲಕಚ್ಚಿದವು, ಭಾಯ್ ಕೆಲಸವೂ ಹೋಯಿತು. ಕೆಲಸ ಹೋದರೆ ವೀಸಾವೂ ಇಲ್ಲ; ದೇಶ ಬಿಡಲೇಬೇಕು. ಅವರು ತಣ್ಣಗೆ ಸಾಮಾನು ಕಟ್ಟತೊಡಗಿದರು. ಹಡಗನ್ನೂ ಕ್ಯಾನ್ಸಲ್ ಮಾಡುತ್ತೇನೆಂದಾಗ ತಡೆದದ್ದು ಹೆಂಡತಿ ನಸೀಮಾ.

“ಮೈಸೂರಿಗೆ ಹೋದ್ಮೇಲೆ ನೀವು ಹೋಗಲ್ಲ, ನಾನು ಬಿಡೋದೂ ಇಲ್ಲ. ಈಗ್ಲೇ ಹೋಗಿ ಬನ್ನಿ. ಮಗಳನ್ನ ಕರ್ಕೊಂಡು ನಾನು ಊರಲ್ಲಿರ್ತೀನಿ” ಎಂದು ನಮ್ಮೆದುರಿಗೇ ಹೇಳಿಬಿಟ್ಟರು.

ನ್ಯೂವರ್ಕ್ ಏರ್‌ಪೋರ್ಟಿಗೆ ಭಾಯ್ ಅವರನ್ನು ಬಿಟ್ಟುಬಂದದ್ದು ನಾನೇ. ಊರಿಗೆ ಹೋಗುವವರೆಲ್ಲ ಚಾಕೊಲೇಟ್ ತುಂಬಿಕೊಂಡು ಹೋದರೆ, ಇವರ ಸೂಟ್‌ಕೇಸಿನಲ್ಲಿ ಬರೀ ಉಣ್ಣೆಯ ಕಾಲುಚೀಲ, ದಪ್ಪನೆಯ ಟವೆಲ್. ಅಂದು ನೋಡಿದ್ದೇ ಕೊನೆ.

ಹಿಮವೆಲ್ಲ ಕರಗಿದ ಮೇಲೆ ಮೈಸೂರಿನಿಂದ ಫೋನು ಬಂತು. “ಹಡಗು ಒಳಗೆ ಹೋಯ್ತಾ, ಭಾಯ್?” ಎಂದು ಕೇಳಿದೆ.

“ಬಾಗಿಲ ತನಕ ಹೋದ್ವಮ್ಮ. ಗಾಳಿ ಜೋರಿತ್ತು, ಕ್ಯಾಪ್ಟನ್ ತಿರುಗಿಸಿಬಿಟ್ಟ. ಕೆಲಸ ಹೋದಾಗ ನನಗೆ ಅಳು ಬಂದಿರ್ಲಿಲ್ಲ. ಅವತ್ತು ಡೆಕ್ ಮೇಲೆ ನಿಂತು ಎರಡಕ್ಕೂ ಸೇರಿಸಿ ಅತ್ತುಬಿಟ್ಟೆ.” ಆಮೇಲೆ ದನಿ ತಗ್ಗಿಸಿದರು. “ನಸೀಮಾಗೆ ಹೇಳ್ಬೇಡಮ್ಮ. ಇಳಿದು ಸ್ನಾನ ಮಾಡಿದೆ ಅಂದಿದೀನಿ. ಪಾಪ, ಹಟ ಹಿಡಿದು ಕಳಿಸಿದ್ದು ಅವಳು.”

ಅಷ್ಟರಲ್ಲಿ ನಸೀಮಾ ಫೋನು ಕಿತ್ತುಕೊಂಡರು.

“ಸ್ನಾನದ ಕಥೆ ಹೇಳಿದ್ರಾ ಇವ್ರು? ಬೀದಿಯವರಿಗೆಲ್ಲ ನಾನೇ ಹೇಳಿ ಮುಗಿಸಿದೀನಿ. ನೀರು ಒಳ್ಳೇ ಹದವಾಗಿತ್ತಂತೆ, ಅಲ್ವಾ?”

“ಹೂಂ, ಹದವಾಗಿತ್ತಂತೆ” ಎಂದೆ.