ಕುದುರೆ ರಾಯರಿಗೆ ಬಿದ್ದ ಹಾರ

ಬೆಳಗಿನ ಹನ್ನೊಂದರಿಂದ ಹನ್ನೆರಡರವರೆಗೆ ನಮ್ಮ ಮನೆಗೆ ಯಾರೂ ಫೋನ್ ಮಾಡುವುದಿಲ್ಲ. ಮಾಡಿದರೂ ಎತ್ತುವವರಿಲ್ಲ ಎಂಬುದು ನಮ್ಮೂರಾದ ಮಾನ್ಮತ್ ಜಂಕ್ಷನ್ನಿನ ಕನ್ನಡಿಗರಿಗೆಲ್ಲ ಗೊತ್ತಿರುವ ಸಂಗತಿ. ಕೆಲವರು ಅದನ್ನು ಪೂಜೆಯ ಹೊತ್ತೆಂದು ಭಾವಿಸಿ ನಮ್ಮ ಮೇಲೆ ಅಕಾರಣ ಗೌರವ ಇಟ್ಟುಕೊಂಡಿದ್ದಾರೆ. ಆ ಭ್ರಮೆಯನ್ನು ಹರಿಯುವ ಉಸಾಬರಿಗೆ ನಾನೂ ಹೋಗಿಲ್ಲ. ನಿಜವೇನೆಂದರೆ, ಆ ಒಂದು ಗಂಟೆ ಎಂಬತ್ತೆಂಟು ವರ್ಷದ ನನ್ನ ಅಮ್ಮ ಟೀವಿಯ ಮುಂದೆ ಕೂತು ಅರವತ್ತು ವರ್ಷ ಹಳೆಯ, ಕಪ್ಪುಬಿಳುಪಿನ ಒಂದು ಕೌಬಾಯ್ ಧಾರಾವಾಹಿ ನೋಡುತ್ತಾಳೆ. ನಿವೃತ್ತನಾದ ಮೇಲೆ ಬೇರೆ ಘನಕಾರ್ಯವಿಲ್ಲದ ನಾನು ಪಕ್ಕದಲ್ಲಿ ಕೂತಿರುತ್ತೇನೆ.

ಆ ಧಾರಾವಾಹಿಯ ಹೆಸರಾಗಲಿ ಅದರ ನಾಯಕನಟನ ಹೆಸರಾಗಲಿ ನಮ್ಮ ಮನೆಯಲ್ಲಿ ಚಾಲ್ತಿಯಲ್ಲಿಲ್ಲ. ಅಮ್ಮ ಮೊದಲ ದಿನವೇ ಅವರಿಗೆ ‘ಕುದುರೆ ರಾಯರು’ ಎಂದು ನಾಮಕರಣ ಮಾಡಿದಳು. ಧೂಳು ಹಾರುವ ಊರೊಂದರ ಶೆರಿಫನಿಗೆ, ಅಂದರೆ ಬರೀ ಫೌಜದಾರನಿಗೆ, ಇಷ್ಟೊಂದು ಮರ್ಯಾದೆ ಏಕೆಂದು ನಾನು ಕೇಳಿದ್ದಕ್ಕೆ, ಹೆಂಗಸರ ಎದುರು ಟೋಪಿ ತೆಗೆಯುವವರನ್ನು ಏಕವಚನದಲ್ಲಿ ಕರೆಯಬಾರದು ಎಂಬ ಉತ್ತರ ಬಂತು. ಇಂಗ್ಲಿಷ್ ಅವಳಿಗೆ ಅಷ್ಟಕ್ಕಷ್ಟೆ. ಆದರೆ ಯಾರು ಕದ್ದರು, ಯಾರು ಸುಳ್ಳು ಹೇಳಿದರು, ಯಾವ ವಿಧವೆಯ ಹೊಲ ಯಾರ ಪಾಲಾಗಲಿದೆ ಎಂಬುದನ್ನೆಲ್ಲ ಅವಳು ನನಗಿಂತ ಐದು ನಿಮಿಷ ಮುಂಚೆಯೇ ಹೇಳಿಬಿಡುತ್ತಾಳೆ. ರಾಯರ ಬಂದೂಕು ಸೊಂಟದಲ್ಲಿದ್ದದ್ದು ಕೈಗೆ ಬರುವುದೇ ಅಪರೂಪ. ಅವರು ಎದುರಿನವರ ಮಾತನ್ನು ಪೂರ್ತಿ ಕೇಳಿಸಿಕೊಂಡು, ಗಲ್ಲ ಸವರಿಕೊಂಡು, ಆಮೇಲೆ ಒಂದೇ ವಾಕ್ಯದಲ್ಲಿ ನ್ಯಾಯ ಹೇಳುತ್ತಾರೆ. ಹೀಗೆ ಕೇಳಿಸಿಕೊಳ್ಳುವ ಗಂಡಸನ್ನು ತಾನು ಟೀವಿಯಲ್ಲಿ ಮಾತ್ರ ಕಂಡದ್ದೆಂದು ಅಮ್ಮ ನನ್ನ ಕಡೆ ನೋಡಿಯೇ ಹೇಳುವುದುಂಟು.

ರಾಯರ ಪರಿಚಯ ನನಗೆ ಅದಕ್ಕೂ ಮೊದಲಿನದು. ನಲವತ್ತು ವರ್ಷಗಳ ಹಿಂದೆ ಈ ದೇಶಕ್ಕೆ ಬಂದ ಹೊಸತರಲ್ಲಿ ನಾನೂ ಮೈಸೂರಿನ ಮಂಡಿ ಮೊಹಲ್ಲಾದ ಗೆಳೆಯ ಶಫಿಯೂ ಒಂದು ಬೇಸ್‌ಮೆಂಟಿನಲ್ಲಿ ಬಾಡಿಗೆಗೆ ಜೊತೆಯಾಗಿದ್ದೆವು. ಅನ್ನಸಾರು ಉಂಡು ಆ ಧಾರಾವಾಹಿಯ ಮರುಪ್ರಸಾರ ನೋಡಿದ್ದೇ ನಮ್ಮ ಇಂಗ್ಲಿಷ್ ವ್ಯಾಸಂಗ. ನಡಿಗೆಯನ್ನೂ ಅಲ್ಲಿಂದಲೇ ಕಲಿತ ಕಾರಣ, ಗಾಂಭೀರ್ಯದಿಂದ ಹೆಜ್ಜೆಯಿಡುತ್ತ ನಾನು ತಪ್ಪಿಸಿಕೊಂಡ ರೈಲುಗಳಿಗೆ ಲೆಕ್ಕವಿಲ್ಲ. ಪ್ರಿನ್ಸ್‌ಟನ್ನಿನ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ, ನಮ್ಮ ಮುಖ್ಯಸ್ಥೆ ರಿಪೋರ್ಟ್ ರೆಡಿಯೇ ಎಂದು ವಿಚಾರಿಸಿದಾಗ ನಾನು ರಾಯರ ಧಾಟಿಯಲ್ಲೇ ಇಲ್ಲದ ಟೋಪಿಯ ಅಂಚನ್ನು ಮುಟ್ಟಿ, “ಐ ರೆಕನ್ ಸೋ, ಮ್ಯಾಮ್” ಅಂದೆ. ಆಕೆ ಆ ಹೊತ್ತಿಗೆ ನಗು ತಡೆದುಕೊಂಡರು, ಪ್ರಯೋಗಾಲಯ ತಡೆದುಕೊಳ್ಳಲಿಲ್ಲ. ನಿವೃತ್ತಿಯ ದಿನ ಕತ್ತರಿಸಿದ ಕೇಕಿನ ಮೇಲೂ ‘ಶೆರಿಫ್’ ಎಂದೇ ಬರೆಸಿದ್ದರು.

ಇಂತಿಪ್ಪಲ್ಲಿ ಕಳೆದ ಚಳಿಗಾಲ ಅಮ್ಮನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಹೃದಯದ ಒಂದು ಕವಾಟ ಕಿರಿದಾಗಿದೆ, ಎದೆ ಕೊಯ್ಯದೆ ತೊಡೆಯ ರಕ್ತನಾಳದ ಮೂಲಕವೇ ಹೊಸದನ್ನು ಕೂರಿಸಬಹುದು, ಹಾಗೇ ಬಿಟ್ಟರೆ ವರ್ಷ ದಾಟುವುದು ಕಷ್ಟ ಎಂದರು ಡಾಕ್ಟರು. ಅಮ್ಮ ಸುತರಾಂ ಒಪ್ಪಲಿಲ್ಲ. “ಹಳೇ ಮನೆಗೆ ಹೊಸ ಬಾಗಿಲು ಯಾಕೋ” ಎಂದು ನಾಲ್ಕು ತಿಂಗಳು ಸಾಗಹಾಕಿದಳು. ನಾನು ಗೋಗರೆದೆ, ರೇಗಿದೆ, ಎರಡು ದಿನ ಮಾತು ಬಿಟ್ಟೆ, ಒಂದು ರಾತ್ರಿ ಗರಾಜಿಗೆ ಹೋಗಿ ಅತ್ತೂ ಬಂದೆ. ನನ್ನ ಹೆಂಡತಿ ವಿಜಯ ದೇವರ ಮೇಲೆ ಆಣೆ ಹಾಕಿಸಲು ನೋಡಿದಳು. ಅಮ್ಮ ಜಪ್ಪಯ್ಯ ಅನ್ನಲಿಲ್ಲ.

ಒಂದು ಭಾನುವಾರ ಪತ್ರಿಕೆಯಲ್ಲಿ ಕುದುರೆ ರಾಯರ ಸಂದರ್ಶನ ಬಂದಿತ್ತು. ತೊಂಬತ್ತರ ಗಡಿ ದಾಟಿದ ರಾಯರು, ತಮಗೆ ಎಂಬತ್ತೆಂಟರಲ್ಲಿ ಇದೇ ಕವಾಟದ ಚಿಕಿತ್ಸೆ ಆಯಿತೆಂದೂ ಈಗಲೂ ತೋಟದ ಕೆಲಸ ಮಾಡುತ್ತೇನೆಂದೂ ಹೇಳಿದ್ದರು. ಅದನ್ನು ಓದಿ ಹೇಳಿದೆ. ಅಮ್ಮ ಕೇಳಿಸಿಕೊಂಡಳು, ಗಲ್ಲ ಸವರಿಕೊಂಡಳು. ಮರುದಿನ ಕಾಫಿ ಕುಡಿಯುತ್ತಾ, “ರಾಯರೇ ಮಾಡಿಸ್ಕೊಂಡಿದ್ದಾರೆ ಅಂದ್ಮೇಲೆ ನನ್ನದೇನು. ಆ ಡಾಕ್ಟರಿಗೆ ಹೂಂ ಅನ್ನು” ಅಂದಳು. ಹೆತ್ತ ಮಗನ ಕಣ್ಣೀರಿಗೆ ಕರಗದವಳು ಯಾವನೋ ಶೆರಿಫನ ಮಾತಿಗೆ ಒಪ್ಪಿದ್ದು ನನಗೆ ಸ್ವಲ್ಪ ಚುಚ್ಚಿತು, ಸುಳ್ಳೇಕೆ ಹೇಳಲಿ. ಆದರೂ ಆ ಪುಣ್ಯಾತ್ಮರಿಗೆ ಮನಸ್ಸಿನಲ್ಲೇ ಅಡ್ಡಬಿದ್ದು, ಮುಂದಿನ ತಿಂಗಳ ಒಂದು ಗುರುವಾರಕ್ಕೆ ದಿನ ಗೊತ್ತುಮಾಡಿಸಿದೆ.

ಆ ವಾರದ ಸೋಮವಾರ ನಮ್ಮ ಕನ್ನಡ ಕೂಟದ ವಾಟ್ಸಾಪ್ ಬಳಗಕ್ಕೆ ಶಫಿಯಿಂದ ಒಂದು ಚಿತ್ರ ಬಂತು. ರಾಯರ ನಗುಮುಖ, ಅದಕ್ಕೊಂದು ದಪ್ಪ ಚೆಂಡುಹೂವಿನ ಹಾರ, ಕೆಳಗೆ ಉರಿಯುವ ದೀಪ, ‘ಫಾರೆವರ್ ಅವರ್ ಶೆರಿಫ್’ ಎಂಬ ಒಕ್ಕಣೆ. ನಮ್ಮವರಿಗೆ ಫೋಟೋದ ಮೇಲೆ ಹಾರ ಬಿದ್ದರೆ ಡಾಕ್ಟರ ಸರ್ಟಿಫಿಕೇಟು ಬೇಕಿಲ್ಲ. ನಿಮಿಷದೊಳಗೆ ಮೂವರು ‘ಓಂ ಶಾಂತಿ’ ಎಂದರು, ಹನ್ನೆರಡು ಜೊತೆ ಕೈಗಳು ಮುಗಿದವು. ಗೂಗಲಿನಲ್ಲಿ ನೋಡಬಾರದಿತ್ತೇ ಎಂದು ನೀವು ಕೇಳಬಹುದು. ಸತ್ತವರ ಮನೆಗೆ ಹೋಗಿ, ನಿಜವಾಗಿಯೂ ಸತ್ತಿದ್ದಾರೆಯೇ ಎಂದು ವಿಚಾರಿಸುವ ರೂಢಿ ನಮ್ಮಲ್ಲಿಲ್ಲ. ನಾನಂತೂ ಗದ್ಗದಿತನಾಗಿ ಮೂರು ಪ್ಯಾರಾಗಳ ನುಡಿನಮನ ಬರೆದು ಹಾಕಿದೆ. ಕಣ್ಣೊರೆಸಿಕೊಳ್ಳುತ್ತಲೇ, ಎಷ್ಟು ಜನ ಮೆಚ್ಚಿದರೆಂದು ಆಗಾಗ ಇಣುಕಿ ನೋಡುತ್ತಲೂ ಇದ್ದೆ.

ಅಸಲಿ ಆಪತ್ತು ಹೊಳೆದದ್ದು ಆಮೇಲೆ. ರಾಯರಿಗೆ ಕೂರಿಸಿದ ಕವಾಟವನ್ನು ನಂಬಿ ಒಪ್ಪಿದ ಅಮ್ಮನಿಗೆ ಈ ಸುದ್ದಿ ಮುಟ್ಟಿದರೆ ಗುರುವಾರದ ಗತಿಯೇನು? “ರೀ, ಆಪರೇಷನ್ ಮುಗಿಯೋವರೆಗೂ ಉಸಿರೆತ್ತಬೇಡಿ” ಎಂದು ವಿಜಯ ಕಟ್ಟಪ್ಪಣೆ ಮಾಡಿದಳು. ನಾನು ಟೀವಿಯ ಹಿಂದಿನ ವೈರು ಕಿತ್ತು, ಕೆಟ್ಟಿದೆ ಎಂದು ಸಾರಿದೆ. ಮೂರು ದಿನ ಮನೆಯಲ್ಲಿ ಕಳ್ಳಬೆಕ್ಕಿನ ಹಾಗೆ ಓಡಾಡಿದೆ. ಅಮ್ಮ ಏನೂ ಕೇಳಲಿಲ್ಲ. ಸೋಮವಾರ ಅವಳು ಎಂದೂ ಇಲ್ಲದೆ ತಲೆಗೆ ನೀರು ಹಾಕಿಕೊಂಡದ್ದನ್ನು ಮಾತ್ರ ನಾನು ಗಮನಿಸಿದ್ದೆ. ಯಾಕೋ ತಲೆ ಭಾರ ಅಂದಿದ್ದಳು.

ಬುಧವಾರ ಮಧ್ಯಾಹ್ನ ಹತ್ತಿರದ ಊರು ಬಾಸ್ಕಿಂಗ್ ರಿಡ್ಜ್‌ನಿಂದ ಶಫಿಯ ಫೋನು ಬಂತು. ಮೊದಲ ಒಂದು ನಿಮಿಷ ಬರೀ ನಗು.

“ನಿನ್ನ ಶ್ರದ್ಧಾಂಜಲಿ ಈಗ ಓದ್ದೆ ಕಣಯ್ಯ. ಯಾರಪ್ಪಾ ಸತ್ತಿದ್ದು? ಮೊನ್ನೆ ಅವನ ಬರ್ತ್‌ಡೇ. ನನ್ನ ಮೊಮ್ಮಗಳು ನನಗೆ ಸರ್ಪ್ರೈಸ್ ಅಂತ ಆ ಪೋಸ್ಟರ್ ಮಾಡಿಕೊಟ್ಟಳು, ನಾನು ಕನ್ನಡಕ ಇಲ್ಲದೆ ಗ್ರೂಪಿಗೆ ಕಳಿಸ್ಬಿಟ್ಟೆ. ಹಾರ ಯಾಕೆ ಹಾಕ್ದೆ ಅಂತ ಕೇಳಿದ್ರೆ, ಕನ್ನಡ ಕೂಟದಲ್ಲಿ ಚೀಫ್ ಗೆಸ್ಟ್‌ಗೆ ಹಾಕ್ತಾರಲ್ಲ, ದಟ್ಸ್ ಹೌ ಯು ಆನರ್ ಪೀಪಲ್ ಅಂತಾಳೆ.”

ಹುಡುಗಿಯ ತರ್ಕದಲ್ಲಿ ತಪ್ಪೇನಿದೆ, ಹೇಳಿ. ಬದುಕಿರುವವರ ಕೊರಳಿಗೂ ಸತ್ತವರ ಪಟಕ್ಕೂ ಒಂದೇ ಹೂವಿನಂಗಡಿಯಿಂದ ಹಾರ ತರುವ ನಾವು, ವ್ಯತ್ಯಾಸವನ್ನು ಮಕ್ಕಳಿಗೆ ಹೇಳಿಕೊಟ್ಟವರೇ ಅಲ್ಲ. ಬದುಕಿದೆಯಾ ಬಡಜೀವವೇ ಎಂದು ನಾನು ಸೋಫಾದ ಮೇಲೆ ಕುಸಿದೆ. ಆಮೇಲೆ ತಡೆಯಲಾರದೆ ಅಮ್ಮನ ಕೋಣೆಗೆ ಹೋಗಿ ಎಲ್ಲವನ್ನೂ ಒಪ್ಪಿಸಿಬಿಟ್ಟೆ.

ಅಮ್ಮ ಮಡಚುತ್ತಿದ್ದ ಸೀರೆಯಿಂದ ತಲೆಯೆತ್ತಲಿಲ್ಲ. “ಸದ್ಯ. ಸುಳ್ಳು ಸುದ್ದಿ ಹಬ್ಬಿದ್ರೆ ಆಯಸ್ಸು ಗಟ್ಟಿಯಾಗತ್ತೆ. ನಾನು ಸೋಮವಾರನೇ ಐಪ್ಯಾಡಲ್ಲಿ ನೋಡಿ ಸ್ನಾನಾನೂ ಮಾಡ್ದೆ. ಆ ಗ್ರೂಪಿಗೆ ನನ್ನನ್ನೂ ಸೇರಿಸಿದ್ದು ನೀನೇ ಅಲ್ವೇನೋ? ಬರೆದದ್ದು ಚೆನ್ನಾಗಿತ್ತು, ಸ್ವಲ್ಪ ಉದ್ದ ಆಯ್ತು.”

ಗುರುವಾರ ಎಲ್ಲವೂ ಸುಸೂತ್ರವಾಗಿ ಮುಗಿಯಿತು. ಎರಡು ಗಂಟೆ ಕಾಯುವ ಕೋಣೆಯಲ್ಲಿ ಕೂತಿದ್ದ ನಾನು, ಡಾಕ್ಟರು ಬಂದು ಹೆಬ್ಬೆರಳೆತ್ತಿದಾಗ ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಶನಿವಾರ ಅಮ್ಮನನ್ನು ಮನೆಗೆ ಕರೆದುಕೊಂಡು ಬರುವಾಗ ರೂಟ್ ಒನ್ ಹೆದ್ದಾರಿಯಲ್ಲಿ ಎಂದಿನಂತೆ ಟ್ರಾಫಿಕ್ ನಿಂತಿತ್ತು; ಜೀವಮಾನದಲ್ಲಿ ಮೊದಲ ಬಾರಿಗೆ ಅದು ಹಿತವೆನಿಸಿತು. ಅಮ್ಮನ ಉಸಿರು ಪಕ್ಕದ ಸೀಟಿನಲ್ಲಿ ಸದ್ದಿಲ್ಲದೆ ಆಡುತ್ತಿತ್ತು. ಆಗ, ಮೂರು ದಿನದಿಂದ ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆ ಕೇಳಿದೆ. ರಾಯರು ಹೋದರೆಂದು ನಂಬಿದ ಮೇಲೂ ಆಪರೇಷನ್ ಬೇಡವೆನ್ನದೆ ಹೇಗೆ ಸುಮ್ಮನಿದ್ದೆ ಎಂದೆ.

ಅಮ್ಮ ಸೀಟ್ ಬೆಲ್ಟ್ ಸರಿಮಾಡಿಕೊಂಡು, ಗಲ್ಲ ಸವರಿಕೊಂಡಳು.

“ರಾಯರಿಗೋಸ್ಕರ ಯಾರು ಒಪ್ಪಿದ್ದು? ನೀನು ಗರಾಜಲ್ಲಿ ಕೂತು ಅಳ್ತಿದ್ದೆಯಲ್ಲ, ಅವತ್ತೇ ಮನಸ್ಸು ಮಾಡಿದ್ದೆ. ನಿನ್ನ ಮಾತಿಗೆ ಒಪ್ಪಿದೆ ಅಂತ ಹೇಳೋದಕ್ಕೆ ಭಯ ಆಯ್ತು ಕಣೋ. ನನಗೇನಾದ್ರೂ ಆಗಿದ್ರೆ, ಅಮ್ಮನ್ನ ನಾನೇ ಬಲವಂತ ಮಾಡಿ ಕಳ್ಕೊಂಡೆ ಅಂತ ನೀನು ಸಾಯೋವರೆಗೂ ಕೊರಗ್ತಿದ್ದೆ. ಈಗಾದ್ರೆ ಆ ಕುದುರೆ ರಾಯರನ್ನ ಬೈಕೊಂಡಿರ್ತಿದ್ದೆ. ಅವರು ತಡ್ಕೋತಾರೆ. ನೀನು ತಡ್ಕೋತಿರಲಿಲ್ಲ.”